ಬೆಲ್ ಪಕ್ಕದ ಹೆಸರು

ಪುಟ್ಟೀ,

ನಿನ್ನ ಪತ್ರದ ಉಳಿದ ಮಾತಿಗೆಲ್ಲ ನಿನ್ನ ಅಪ್ಪ ಉತ್ತರ ಬರೆದಿರುತ್ತಾನೆ. ನನ್ನ ನಿದ್ದೆ ಕೆಡಿಸಿದ್ದು ಒಂದೇ ಸಾಲು. ಜೊತೆಗಿರುವ ಆ ಯಹೂದಿ ಹುಡುಗಿ ಕೆಳಗಿನ ಬೆಲ್ ಪಕ್ಕದಿಂದ ತನ್ನ ಹೆಸರಿನ ಚೀಟಿ ಕಿತ್ತಳು, ಇನ್ನು ನಿನ್ನ ಹೆಸರೊಂದೇ ಇರಲಿ ಅಂದಳು, ಆಗ ನಿನಗೆ ಒಂದು ಕ್ಷಣ ಹಾಯೆನಿಸಿತು. ಆಮೇಲೆ ಭಯ ಆಯಿತು, "ನಾನು ಎಂಥವಳು ದೊಡ್ಡಪ್ಪ?" ಅಂತ ಕೇಳಿದ್ದೀಯ.

ಬೈಯಲು ಬರೆಯುತ್ತಿಲ್ಲ. ನನಗೂ ಒಮ್ಮೆ ಹಾಗೇ ಹಾಯೆನಿಸಿತ್ತು.

1984ರಲ್ಲಿ ನಾನು ದೆಹಲಿಯಲ್ಲಿದ್ದದ್ದು ನಿಮಗೆಲ್ಲ ಗೊತ್ತು. ಬಾಡಿಗೆಗಿದ್ದದ್ದು ಒಬ್ಬ ಸರ್ದಾರ್‌ಜಿಯ ಮನೆಯ ಮಹಡಿಯಲ್ಲಿ. ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರನ್ನು ಕೊಂದವರು ಇಬ್ಬರು ಕಾವಲಿನವರು. ಇಬ್ಬರೇ. ಸಂಜೆ ಹೊತ್ತಿಗೆ ಅದು "ಸಿಖ್ಖರು ಕೊಂದರು" ಅಂತಾಗಿತ್ತು. ಮಾರನೇ ದಿನ ಜನ ಮತದಾರರ ಪಟ್ಟಿ ಹಿಡಿದು ಮನೆ ಹುಡುಕುತ್ತಿದ್ದಾರೆ ಅಂತ ಸುದ್ದಿ ಬಂತು. ಸರ್ದಾರ್‌ಜಿ ಮಹಡಿ ಹತ್ತಿ ಬಂದರು. "ಗೇಟಿನ ಬೋರ್ಡ್ ಬಿಚ್ಚುತ್ತೇನೆ ಮಗನೇ, ನಿನ್ನ ಹೆಸರು ಬರೆದು ತಗುಲಿಸುತ್ತೀಯಾ?" ಅಂದರು. ಆಗಲಿ ಅಂದೆ. ಅವರು ಕೆಳಗಿಳಿದ ಮೇಲೆ ಬ್ಯಾಗಿಗೆ ಎರಡು ಜೊತೆ ಬಟ್ಟೆ ತುಂಬಿಕೊಂಡು ಹಿಂದಿನ ಓಣಿಯಲ್ಲಿ ಹೊರಟು, ಆಫೀಸಿನ ಗೆಳೆಯನ ಮನೆ ಸೇರಿಕೊಂಡೆ. ಓಣಿ ದಾಟಿದಾಗ ಹಾಯೆನಿಸಿತು, ಪುಟ್ಟಿ. ನಿನಗಾದ ಹಾಗೇ.

ಊರಿನ ನೀರಿಗೆ ಸಿಖ್ಖರು ವಿಷ ಹಾಕಿದ್ದಾರೆ ಅಂತ ಗಾಳಿಸುದ್ದಿ ಹಬ್ಬಿತ್ತು. ಸುಳ್ಳು ಅಂತ ಮನಸ್ಸಿಗೆ ಗೊತ್ತಿತ್ತು. ಆದರೂ ಆ ರಾತ್ರಿ ನಲ್ಲಿ ನೀರು ಕುಡಿಯಲಿಲ್ಲ. ಮಹಡಿ ಬಿಟ್ಟು ಓಡಿದ್ದಕ್ಕಿಂತ ಇದು ನನ್ನನ್ನು ಜಾಸ್ತಿ ಚುಚ್ಚುತ್ತದೆ. ಆರು ತಿಂಗಳು ನನಗೆ ಊಟ ಹಾಕಿದವರ ಜನ ನೀರಿಗೆ ವಿಷ ಹಾಕಿರಬಹುದು ಅಂತ ನನ್ನ ನಾಲಿಗೆ ಒಂದು ರಾತ್ರಿ ನಂಬಿತು.

ಎಷ್ಟೋ ವರ್ಷ ಆದಮೇಲೆ ಓದಿದೆ. 1348-49ರಲ್ಲಿ ಯುರೋಪಿನಲ್ಲಿ ಪ್ಲೇಗ್ ಬಂದಾಗ ಯಹೂದಿಗಳ ಮೇಲೆ ಹೊರಿಸಿದ್ದೂ ಇದೇ, ಬಾವಿಗೆ ವಿಷ ಹಾಕಿದರು ಅಂತ. ಸ್ಟ್ರಾಸ್‌ಬರ್ಗ್‌ನಲ್ಲಿ 1349ರ ಫೆಬ್ರವರಿ 14ರಂದು ಅವರನ್ನು ಸುಟ್ಟರು. ಆ ಊರಿಗೆ ಪ್ಲೇಗ್ ಇನ್ನೂ ಕಾಲಿಟ್ಟಿರಲೇ ಇಲ್ಲ. ಪುಸ್ತಕ ಮುಚ್ಚಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ.

ನೀನಿರುವ ಬರ್ಲಿನ್ನಿನ ಕಥೆ ನನಗಿಂತ ನಿನಗೇ ಚೆನ್ನಾಗಿ ಗೊತ್ತಿರಬೇಕು. 1938ರ ನವೆಂಬರಿನಲ್ಲಿ ಹರ್ಶೆಲ್ ಗ್ರಿನ್‌ಸ್ಪಾನ್ ಎಂಬ 17 ವರ್ಷದ ಯಹೂದಿ ಹುಡುಗ ಪ್ಯಾರಿಸ್‌ನಲ್ಲಿ ಜರ್ಮನಿಯ ರಾಯಭಾರ ಕಚೇರಿಯ ಒಬ್ಬ ಅಧಿಕಾರಿಗೆ ಗುಂಡು ಹೊಡೆದ. ಅವನ ಅಪ್ಪ ಅಮ್ಮನನ್ನು ಕೆಲವೇ ದಿನ ಮೊದಲು ಜರ್ಮನಿಯಿಂದ ಗಡಿಯಾಚೆ ದಬ್ಬಿದ್ದರು. ಗುಂಡು ಹೊಡೆದವನು ಒಬ್ಬ. ಅದಕ್ಕೆ ನಾಜಿಗಳು ಜರ್ಮನಿಯ ತುಂಬ ಯಹೂದಿಗಳ ಪ್ರಾರ್ಥನಾ ಮಂದಿರಗಳಾದ ಸಿನಗಾಗ್‌ಗಳನ್ನು ಸುಟ್ಟರು, ಅಂಗಡಿ ಒಡೆದರು, ಸುಮಾರು 30,000 ಯಹೂದಿ ಗಂಡಸರನ್ನು ಹಿಡಿದು ಸೆರೆ ಕ್ಯಾಂಪುಗಳಿಗೆ ಕಳಿಸಿದರು. ಆಮೇಲೆ ಆ ಜನರ ಮೇಲೇ ನೂರು ಕೋಟಿ ಮಾರ್ಕ್ ದಂಡ ಹಾಕಿ, ಒಡೆದ ಅಂಗಡಿಗಳಿಗೆ ಬರಬೇಕಿದ್ದ ವಿಮೆ ಹಣವನ್ನೂ ಸರ್ಕಾರವೇ ನುಂಗಿತು. ಆ ಹುಡುಗ ಸಿಗದಿದ್ದರೆ ಬೇರೆ ನೆಪ ಸಿಗುತ್ತಿತ್ತು ಅಂತ ನನಗನ್ನಿಸುತ್ತದೆ. ದ್ವೇಷ ಮೊದಲೇ ತಯಾರಿತ್ತು.

ಹಾಗಾಗಿ ಆ ಹುಡುಗಿ ಇಲ್ಲದ್ದನ್ನು ಕಲ್ಪಿಸಿಕೊಂಡು ಹೆದರುತ್ತಿಲ್ಲ. 2023ರ ಅಕ್ಟೋಬರಿನಲ್ಲಿ ನಿಮ್ಮ ಬರ್ಲಿನ್ನಿನಲ್ಲೇ ಮನೆ ಬಾಗಿಲುಗಳ ಮೇಲೆ ಯಹೂದಿಗಳ ಗುರುತಾದ ಆರು ಮೂಲೆಯ ನಕ್ಷತ್ರ ಬರೆದರು, ಒಂದು ಸಿನಗಾಗ್ ಕಡೆಗೆ ಪೆಟ್ರೋಲ್ ಬಾಂಬ್ ಎಸೆದರು. ಅದನ್ನು ಓದಿದಾಗ ನನಗೆ ಆ ಮತದಾರರ ಪಟ್ಟಿಯೇ ಕಣ್ಣಮುಂದೆ ಬಂತು.

ಗಾಜಾದ ಮಕ್ಕಳನ್ನು ನೋಡಿ ನಿನ್ನ ಹೊಟ್ಟೆ ಉರಿಯುತ್ತದೆ ಅಂದಿದ್ದೀಯ. ಉರಿಯಲಿ, ನನಗೂ ಉರಿಯುತ್ತದೆ. ಇಸ್ರೇಲ್ ಸರ್ಕಾರದ ಬಗ್ಗೆ ಏನು ಹೇಳಬೇಕೋ ಹೇಳು. ಆದರೆ ಆ ಸಿಟ್ಟು ಬರ್ಲಿನ್ನಿನಲ್ಲಿ ಹುಟ್ಟಿ ಬೆಳೆದ, ನಿನ್ನ ಜೊತೆ ಅನ್ನ ಸಾರು ತಿನ್ನುವ ಹುಡುಗಿಯ ಬೆಲ್ ಹತ್ತಿರ ಹೇಗೆ ಬಂದು ನಿಂತಿತು? ಅಕ್ಟೋಬರ್ 7ರಂದು ಹಮಾಸ್ ಮಾಡಿದ್ದಕ್ಕೆ ಪ್ಯಾಲೆಸ್ಟೈನಿನವರೆಲ್ಲ ಹೊಣೆ ಅನ್ನುವವರದ್ದೂ ಇದೇ ತಪ್ಪು ಲೆಕ್ಕ. ನಿನ್ನ ಗೆಳೆಯರಲ್ಲಿ ಪ್ಯಾಲೆಸ್ಟೈನಿನವರೂ ಇದ್ದಾರೆ ಅಲ್ವಾ?

ಏನು ಮಾಡಲಿ ಅಂತ ಕೇಳಿದ್ದೀಯ. ಓಡಿ ಹೋದವನು ನಿನಗೇನು ಬುದ್ಧಿ ಹೇಳಲಿ. ಚೀಟಿ ಮತ್ತೆ ಅಂಟಿಸು ಅಂತ ಒತ್ತಾಯ ಮಾಡಬೇಡ, ಜೀವದ ಭಯ ಅವಳದ್ದು, ತೀರ್ಮಾನವೂ ಅವಳದ್ದೇ. ಕೇಳು, ಅಷ್ಟೇ. ರಾತ್ರಿ ತಡವಾದರೆ ಸ್ಟೇಷನ್‌ವರೆಗೆ ಹೋಗಿ ಕರೆದುಕೊಂಡು ಬಾ. ಗ್ರೂಪಿನಲ್ಲಿ ಯಾರಾದರೂ "ಅವರೆಲ್ಲ ಹಾಗೇ" ಅಂದರೆ ಒಂದು ಸಾಲು ಬರೆದುಬಿಡು, ಉದ್ದ ಜಗಳ ಬೇಡ. ಇಷ್ಟು ದೂರದಿಂದ ಹೇಳುವುದು ಸುಲಭ, ಗೊತ್ತು. ನಿನಗೇ ಏನಾದರೂ ಆದರೆ ಅನ್ನುವ ಭಯವೂ ನನಗಿದೆ.

ಸರ್ದಾರ್‌ಜಿ ಮನೆಯವರನ್ನು ಎದುರು ಮನೆಯವರು ಮೂರು ದಿನ ಅಡಗಿಸಿಟ್ಟಿದ್ದರಂತೆ. ನಾನು ವಾಪಸ್ ಬಂದಾಗ ಅವರು ಕೂದಲು, ಗಡ್ಡ ಕತ್ತರಿಸಿಕೊಂಡಿದ್ದರು. ಗುರುತೇ ಹತ್ತಲಿಲ್ಲ. ಟೀ ಕೊಟ್ಟರು. ಎಲ್ಲಿಗೆ ಹೋಗಿದ್ದೆ ಅಂತ ಕೇಳಲಿಲ್ಲ. ಗೇಟಿನ ಮೇಲೆ ಬೋರ್ಡ್ ಬಿಚ್ಚಿದ ನಾಲ್ಕು ತೂತು ಹಾಗೇ ಇದ್ದವು. ತಿಂಗಳೊಳಗೆ ಬೇರೆ ಮನೆ ಹಿಡಿದೆ. ತಪ್ಪಾಯಿತು ಅಂತ ಹೇಳಲಿಲ್ಲ, ಕಾಗದವನ್ನೂ ಬರೆಯಲಿಲ್ಲ. ಈಗ ಬರೆಯೋಣ ಅಂದರೆ ಅವರಿಲ್ಲ.

ಸಾಧ್ಯವಾದರೆ ನಿನಗೆ ಹಾಯೆನಿಸಿದ್ದನ್ನು ಅವಳಿಗೆ ಹೇಳಿಬಿಡು. ಅವಳು ಏನಂದಳು ಅಂತ ನನಗೆ ಬರಿ. ಫೋನ್ ಬೇಡ. ಪಕ್ಕದಲ್ಲಿ ನಿನ್ನ ದೊಡ್ಡಮ್ಮ ಇರುತ್ತಾಳೆ, ಈ ಕಥೆ ಅವಳಿಗೂ ನಾನು ಪೂರ್ತಿ ಹೇಳಿಲ್ಲ.

ನಿನ್ನ ದೊಡ್ಡಪ್ಪ