ಗೇರ್‌ಬಾಕ್ಸಿನ ಬಿಸಿ ಮುಳ್ಳಿನಲ್ಲಿ ಕಾಣುವುದಿಲ್ಲ

ಪ್ರೀತಿಯ ಪುಟ್ಟ,

ಹೊಸ ಆಟೋಮ್ಯಾಟಿಕ್ ಕಾರಿನಲ್ಲಿ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಬೆಟ್ಟದ ದಾರಿ ಹಿಡಿಯುತ್ತೀಯಂತೆ. ಸಂತೋಷ, ಹೋಗಿ ಬಾ. ಟೈರು, ಬ್ರೇಕು ಎಲ್ಲ ನೀನೇ ನೋಡಿಕೊಂಡಿರುತ್ತೀಯ. ನಾನು ಹೇಳಬೇಕೆಂದಿರುವುದು ಗೇರ್‌ಬಾಕ್ಸಿನ ವಿಷಯ. ಅದೂ ಕಾದು ಕೆಂಡವಾಗುತ್ತದೆ ಅನ್ನುವುದು ನನಗೆ ಗೊತ್ತಾಗಿದ್ದು ಪೆಟ್ಟು ತಿಂದ ಮೇಲೆ.

ಬೇಸಿಗೆ, ಮಟಮಟ ಮಧ್ಯಾಹ್ನ, ಕಡಿದಾದ ಏರು. ಮುಂದೆ ಲೋಡ್ ಲಾರಿಗಳ ಸಾಲು. ಲಾರಿ ಒಂದಡಿ ಸರಿದರೆ ನಾನೂ ಒಂದಡಿ ಸರಿಯುತ್ತಿದ್ದೆ. ನಿಂತಾಗ ಬ್ರೇಕ್ ಹಿಡಿಯದೆ, ಆಕ್ಸಿಲರೇಟರನ್ನೇ ಚೂರು ಒತ್ತಿ ಕಾರು ಹಿಂದೆ ಜಾರದಂತೆ ನೋಡಿಕೊಳ್ಳುತ್ತಿದ್ದೆ. ಭಾರಿ ಚಾಲಾಕಿ ನಾನು ಅಂದುಕೊಂಡಿದ್ದೆ! ಎಂಜಿನ್ ಬಿಸಿಯ ಮುಳ್ಳು ಮಧ್ಯದಿಂದ ಅಲ್ಲಾಡಿರಲಿಲ್ಲ. ಮೊದಲು ಸೀದ ವಾಸನೆ ಬಂತು. ಸ್ವಲ್ಪ ಹೊತ್ತಿಗೆ ಎಂಜಿನ್ ಕೂಗುತ್ತಿದೆ, ಕಾರು ಮಾತ್ರ ಏಳುತ್ತಿಲ್ಲ. ಆಮೇಲೆ ಗ್ಯಾರೇಜಿನ ಹುಡುಗ ಗೇರ್‌ಬಾಕ್ಸಿನ ಆಯಿಲ್ ಕಡ್ಡಿ ಎಳೆದು ಬಿಳಿ ಬಟ್ಟೆಗೆ ಒರೆಸಿ ತೋರಿಸಿದ. ಕೆಂಪಗಿರಬೇಕಾದದ್ದು ಕಡುಕಂದು ಬಣ್ಣಕ್ಕೆ ತಿರುಗಿತ್ತು. ಆ ಬಟ್ಟೆಯಿಂದಲೂ ಅದೇ ವಾಸನೆ.

ಆಗಿದ್ದು ಇಷ್ಟೆ. ನನ್ನ ಕಾರಿನಲ್ಲಿ ಎಂಜಿನ್ನಿಗೂ ಗೇರಿಗೂ ನಡುವೆ ಇದ್ದದ್ದು ಟಾರ್ಕ್ ಕನ್ವರ್ಟರ್. ಒಳಗೆ ಎರಡು ಫ್ಯಾನ್ ಎದುರುಬದುರು ಇವೆ ಅಂದುಕೋ, ಮಧ್ಯೆ ಎಣ್ಣೆ. ಒಂದು ತಿರುಗಿ ಎಣ್ಣೆಯನ್ನು ತಳ್ಳುತ್ತದೆ, ಆ ರಭಸಕ್ಕೆ ಇನ್ನೊಂದು ತಿರುಗುತ್ತದೆ. ಕಾರು ಒಂದೇ ವೇಗದಲ್ಲಿ ಓಡುವಾಗ ಎರಡೂ ಲಾಕ್ ಆಗಿ ಒಟ್ಟಿಗೇ ತಿರುಗುತ್ತವೆ, ಬಿಸಿ ಕಮ್ಮಿ. ಏರಿನಲ್ಲಿ ತೆವಳುವಾಗ ಲಾಕ್ ಆಗುವುದಿಲ್ಲ. ಎಂಜಿನ್ನಿನ ಶಕ್ತಿ ಚಕ್ರಕ್ಕೆ ಹೋಗುವ ಬದಲು ಎಣ್ಣೆ ಕಾಯಿಸುವುದಕ್ಕೇ ಖರ್ಚಾಗುತ್ತದೆ. ಆ ಎಣ್ಣೆಗೆ 80ರಿಂದ 95 ಡಿಗ್ರಿ ಸೆಲ್ಸಿಯಸ್ ಮಾಮೂಲು. 120 ದಾಟಿದರೆ ಬೇಗ ಕೆಡುತ್ತದೆ. ಅಲ್ಲಿಂದಾಚೆ ಸುಮಾರು 10 ಡಿಗ್ರಿ ಏರಿದಂತೆಲ್ಲ ಅದರ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಮೆಕ್ಯಾನಿಕ್‌ಗಳ ಅಂದಾಜು.

ನಿನ್ನ ಕಾರಿನಲ್ಲಿ ಯಾವ ಥರದ್ದು ಇದೆ ಅಂತ ಮೊದಲು ತಿಳಿದುಕೋ. ಎಎಂಟಿ ಆದರೆ ಒಳಗಿರುವುದು ನಮ್ಮ ಹಳೆಯ ಕ್ಲಚ್ಚೇ, ಒತ್ತುವುದು ಮಾತ್ರ ನಮ್ಮ ಕಾಲಲ್ಲ, ಕಾರೇ. ಡ್ರೈ ಡ್ಯುಯಲ್ ಕ್ಲಚ್, ಅಂದರೆ ಎರಡು ಒಣ ಕ್ಲಚ್ ಇರುವಂಥದ್ದು ಆದರೆ ಇನ್ನೂ ಹುಷಾರಾಗಿರು. ಅದರ ಕ್ಲಚ್ಚಿಗೆ ತಂಪು ಮಾಡುವ ಎಣ್ಣೆಯೂ ಇಲ್ಲ. ಏರಿನಲ್ಲಿ ತೆವಳಿದಷ್ಟೂ ಅರ್ಧ ಹಿಡಿದು ಉಜ್ಜುತ್ತಲೇ ಇರುತ್ತದೆ. ಸಿವಿಟಿ, ಅಂದರೆ ಗೇರುಗಳ ಬದಲು ಬೆಲ್ಟು ಪುಲ್ಲಿ ಇರುವಂಥದ್ದು ಆದರೆ, ತುಂಬಾ ಬಿಸಿಯಾದಾಗ ಕಾರು ತಾನೇ ಶಕ್ತಿ ಕಮ್ಮಿ ಮಾಡಿಕೊಳ್ಳಬಹುದು. ಎಂಜಿನ್ ಸೋತಿತು ಅಂತ ಇನ್ನಷ್ಟು ಒತ್ತಬೇಡ, ಪಕ್ಕಕ್ಕೆ ಹಾಕು.

ಯಾವುದೇ ಇರಲಿ, ಏರಿನಲ್ಲಿ ನಿಂತಾಗ ಕಾರನ್ನು ಹಿಡಿಯಬೇಕಾದ್ದು ಬ್ರೇಕು, ಆಕ್ಸಿಲರೇಟರ್ ಅಲ್ಲ. ಜಾಮ್ ಆದಾಗ ಮುಂದಿನ ಗಾಡಿಯ ಬಾಲಕ್ಕೆ ಅಂಟಿಕೊಳ್ಳಬೇಡ. ಎರಡು ಕಾರಿನಷ್ಟು ಜಾಗ ಬಿಡು, ಅದು ದೂರ ಹೋಗಲಿ, ಆಮೇಲೆ ಒಂದೇ ಸಲಕ್ಕೆ ನುಗ್ಗಿ ನಿಲ್ಲು. ಹಿಂದಿನವನು ಹಾರ್ನ್ ಹೊಡೆಯುತ್ತಾನೆ, ಹೊಡೆಯಲಿ ಬಿಡು, ಅವನೇನು ನಿನ್ನ ಗೇರ್‌ಬಾಕ್ಸ್ ರಿಪೇರಿ ಮಾಡಿಸಿಕೊಡುತ್ತಾನಾ? ತುಂಬಾ ಹೊತ್ತು ನಿಲ್ಲಬೇಕಾದರೆ ಹ್ಯಾಂಡ್ ಬ್ರೇಕ್ ಎಳೆದು ನ್ಯೂಟ್ರಲ್‌ಗೆ ಹಾಕು. ಹತ್ತುವಾಗ ಡಿ, ಅಂದರೆ ಡ್ರೈವ್‌ನಲ್ಲೇ ಬಿಟ್ಟರೆ ಗೇರು ಪದೇ ಪದೇ ಮೇಲೆ ಕೆಳಗೆ ಆಡುತ್ತದೆ. ಗೇರನ್ನು ನಾವೇ ಹಾಕುವ ಮ್ಯಾನ್ಯುವಲ್ ಮೋಡ್ ಇದ್ದರೆ ಎರಡನೆಯದರಲ್ಲೋ ಮೂರನೆಯದರಲ್ಲೋ ನಿಲ್ಲಿಸಿಕೋ. ಇಳಿಯುವಾಗಲೂ ಚಿಕ್ಕ ಗೇರೇ, ಅದು ಬ್ರೇಕು ಕಾಯದಿರಲಿ ಅಂತ. ನ್ಯೂಟ್ರಲ್‌ನಲ್ಲಿ ಮಾತ್ರ ಇಳಿಯಬೇಡ. ನಿನ್ನ ಮಾವ ಪೆಟ್ರೋಲ್ ಉಳಿಯುತ್ತದೆ ಅನ್ನುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡ.

ಎಚ್ಚರಿಕೆ ದೀಪ ಬಂದರೆ, ವಾಸನೆ ಬಂದರೆ, ಇಲ್ಲಾ ಗೇರ್ ಬೀಳುವುದು ತಡವಾದರೆ, ಸಮತಟ್ಟಾದ ಜಾಗ ನೋಡಿ ನಿಲ್ಲಿಸು. ಅವತ್ತು ನಾನು ಗಾಬರಿಯಲ್ಲಿ ತಕ್ಷಣ ಎಂಜಿನ್ ಆಫ್ ಮಾಡಿದೆ. ಅದು ಎರಡನೇ ತಪ್ಪು. ಎಣ್ಣೆ ಓಡಿಸುವ ಪಂಪ್ ಎಂಜಿನ್ನಿಂದಲೇ ತಿರುಗುವುದು. ಆಫ್ ಮಾಡಿದರೆ ಕಾದ ಎಣ್ಣೆ ಕೂಲರ್‌ಗೆ ಹೋಗದೆ ಇದ್ದಲ್ಲೇ ಉಳಿಯುತ್ತದೆ. ಪಾರ್ಕ್‌ಗೆ ಹಾಕಿ, ಪಾರ್ಕ್ ಇಲ್ಲದಿದ್ದರೆ ಹ್ಯಾಂಡ್ ಬ್ರೇಕ್ ಎಳೆದು ನ್ಯೂಟ್ರಲ್‌ಗೆ ಹಾಕಿ, ಎಸಿ ಆಫ್ ಮಾಡಿ, ಎಂಜಿನ್ ಸುಮ್ನೆ ಓಡಲು ಬಿಡು. ಎಂಜಿನ್ ಬಿಸಿಯ ಮುಳ್ಳೂ ಕೆಂಪಿಗೆ ಹೋಗಿದ್ದರೆ ಮಾತ್ರ ಆಫ್ ಮಾಡು. ಎಷ್ಟು ಹೊತ್ತು ಅಂತ ಗಡಿಯಾರ ನೋಡಬೇಡ, ದೀಪ ಆರಿದ ಮೇಲೂ ಇನ್ನಷ್ಟು ಹೊತ್ತು ಬಿಡು. ಮಕ್ಕಳು ಗಲಾಟೆ ಮಾಡುತ್ತವೆ, ಮಾಡಲಿ.

ಇನ್ನೊಂದು, ಈ ಎಣ್ಣೆ ಜನ್ಮಪೂರ್ತಿ ಬದಲಿಸಬೇಕಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡ. ಏರು, ಬಿಸಿಲು, ಭಾರ ಇದ್ದಲ್ಲಿ ಬೇಗ ಬದಲಿಸಲು ಹೇಳುವ ಕಾರುಗಳು ಬೇಕಾದಷ್ಟಿವೆ. ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ನೋಡು. ರೇಡಿಯೇಟರಿನ ಮುಂದೆ ಎಲೆ, ಹುಳ ಸಿಕ್ಕಿಕೊಂಡಿದ್ದರೆ ತೆಗೆಸು. ಬಹಳ ಕಾರುಗಳಲ್ಲಿ ಗೇರ್‌ಬಾಕ್ಸಿನ ಎಣ್ಣೆ ತಣ್ಣಗಾಗುವುದೂ ಅಲ್ಲೇ.

ಪುಸ್ತಕ ನೋಡಿದ ಮೇಲೆ, ನಿನ್ನದು ಯಾವ ಗೇರ್‌ಬಾಕ್ಸ್ ಅಂತ ಹೊರಡುವ ಮುಂಚೆ ಫೋನ್ ಮಾಡಿ ಹೇಳು.

ನಿನ್ನ ಅತ್ತೆ