ಎಲ್ಲರಿಗೂ ಥ್ಯಾಂಕ್ಸ್, ಅತ್ತಿಗೆಗೆ ಸ್ವಲ್ಪ ಜಾಸ್ತಿ

ಕಳೆದ ಸೋಮವಾರ ರೈಲ್ವೆಯಿಂದ ಪತ್ರ ಬಂತು. ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ ಆಗಿದೆ. ನಮ್ಮ ದೇಶದಲ್ಲಿ ಬ್ಯಾಸ್ಕೆಟ್‌ಬಾಲ್ ಆಡುವ ಹುಡುಗಿಯರಿಗೆ ಸಂಬಳ ಅಂತ ಕೈಗೆ ಬರುವುದು ಹೆಚ್ಚಾಗಿ ಹೀಗೇ. ಆಸ್ಟ್ರೇಲಿಯಾದ ಕ್ಲಬ್‌ಗೆ ಹೋಗಿ ಆಡಿ ಬಂದ ಗೀತು ಅನ್ನಾ ಜೋಸ್ ಕೂಡ ದಕ್ಷಿಣ ರೈಲ್ವೆಯಲ್ಲಿದ್ದವರೇ. ನಾನು ಅವರ ಕಾಲಿನ ಧೂಳಿಗೂ ಸಮ ಇಲ್ಲ, ಆದರೆ ರೈಲ್ವೆ ಅನ್ನುವ ಒಂದು ಪದವಾದರೂ ಇಬ್ಬರಿಗೂ ಸೇರುತ್ತಲ್ಲ, ಅಷ್ಟು ಸಾಕು.

ಪತ್ರದ ಫೋಟೋ ಸ್ಟೇಟಸ್‌ಗೆ ಹಾಕಿದ ಮೇಲೆ ಬಂದ ಮೆಸೇಜುಗಳಿಗೆ ಒಂದೊಂದಾಗಿ ಉತ್ತರ ಕೊಡಲು ಕೂತೆ, ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಮಂಡಿಗೆ ಪೆಟ್ಟಾಗಿ ಆಸ್ಪತ್ರೆ ಸೇರಿದ ಕಥೆ ನಿಮಗೆಲ್ಲ ಗೊತ್ತಿರುವುದೇ. ಅದನ್ನು ಮತ್ತೆ ಬಿಚ್ಚುವುದಿಲ್ಲ.

ಮೊದಲು ನಮ್ಮ ಪಿ.ಟಿ. ಮೇಷ್ಟ್ರು. 2017ರ ಜುಲೈನಲ್ಲಿ ನಾವು ನಾಲ್ಕು ಜನ ಹುಡುಗಿಯರನ್ನು ಹಾಸನದಿಂದ ಬೆಂಗಳೂರಿಗೆ ಕರೆದುಕೊಂಡು ಹೋದವರು ಅವರು. ಶ್ರವಣಬೆಳಗೊಳದ ಮೇಲೆ ನೇರ ರೈಲು ಶುರುವಾಗಿ ಆಗ ನಾಲ್ಕು ತಿಂಗಳಾಗಿತ್ತಷ್ಟೆ. ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಏಷ್ಯಾ ಕಪ್, ಬಿ ಡಿವಿಷನ್ ಫೈನಲ್. ನಮ್ಮ ಹೆಂಗಸರ ತಂಡ ಕಜಕಿಸ್ತಾನವನ್ನು 75–73ರಲ್ಲಿ ಸೋಲಿಸಿತು. ಬರೀ ಎರಡು ಪಾಯಿಂಟು! ನನಗೆ ಆಗ ಹದಿಮೂರು. ಮರದ ಹಾಸಿನ ಕೋರ್ಟನ್ನು ಕಣ್ಣಾರೆ ಕಂಡಿದ್ದೂ ಅವತ್ತೇ ಮೊದಲು. ನಮ್ಮ ಸ್ಕೂಲಿನದು ಸಿಮೆಂಟಿನದು, ಮಳೆಗಾಲದಲ್ಲಿ ಅರ್ಧ ಪಾಚಿ. ವಾಪಸ್ ಬರುವಾಗ ಮೇಷ್ಟ್ರು ಏನೂ ಭಾಷಣ ಮಾಡಲಿಲ್ಲ. ಕಡ್ಲೆಕಾಯಿ ಕೊಡಿಸಿ, "ನಾಳೆ ಆರಕ್ಕೆ ಗ್ರೌಂಡಲ್ಲಿರಿ" ಅಂದರು ಅಷ್ಟೆ.

ಅಪ್ಪ, ಅಮ್ಮ, ಅಣ್ಣ, ಹಾಸ್ಟೆಲ್ಲಿನ ರೂಮ್‌ಮೇಟುಗಳು, ದುಡ್ಡು ಕೂಡಿಸಿ ಕಳಿಸಿದ ಸ್ಕೂಲ್ ಗ್ರೂಪಿನವರು, ಒಂಬತ್ತು ತಿಂಗಳು ನನ್ನ ಬೈಗುಳ ತಿಂದುಕೊಂಡೇ ಕಾಲು ಮಡಿಸಿದ ಫಿಸಿಯೋ ಅಕ್ಕ, ನಿಮ್ಮೆಲ್ಲರ ಋಣ ದೊಡ್ಡದು. ಒಂದೇ ವಾಕ್ಯದಲ್ಲಿ ಮುಗಿಸಿದೆ ಅಂತ ಬೇಜಾರು ಮಾಡ್ಕೋಬೇಡಿ. ಅಣ್ಣ, ನೀನಂತೂ ಮಾಡ್ಕೋಬೇಡ. ಮುಂದೆ ಬರುವುದೆಲ್ಲ ನಿನ್ನ ಹೆಂಡತಿಯ ವಿಷಯವೇ.

ಒಂದು ನಿಜ ಹೇಳಿಬಿಡುತ್ತೇನೆ. ಅತ್ತಿಗೆ ನಮ್ಮ ಮನೆಗೆ ಬಂದಾಗ ನನಗೆ ಇಷ್ಟವಾಗಿರಲಿಲ್ಲ. ನನ್ನ ರೂಮು ಅವರಿಗೆ ಹೋಯಿತು. ಆಟದಲ್ಲಿ ಗೆದ್ದ ನನ್ನ ಕಪ್ಪುಗಳು ಮೂಟೆ ಕಟ್ಟಿಸಿಕೊಂಡು ಅಟ್ಟ ಸೇರಿದವು, ಆ ಜಾಗದಲ್ಲಿ ಹೊಲಿಗೆ ಮಷೀನು ಬಂತು. ರಜೆಗೆ ಹಾಸ್ಟೆಲ್ಲಿಂದ ಬಂದಾಗ ಎರಡು ಮಾತಿಗಿಂತ ಜಾಸ್ತಿ ಆಡುತ್ತಿರಲಿಲ್ಲ. ಅವರು ನನ್ನ ಆಟವನ್ನು "ಬುಟ್ಟಿ ಆಟ" ಅನ್ನುತ್ತಿದ್ದರು. ಬೇಕಂತ ಅಲ್ಲ, ಹೆಸರು ನಾಲಿಗೆಗೆ ಹೊರಳುತ್ತಿರಲಿಲ್ಲ. ನನಗೆ ಮಾತ್ರ ಉರಿಯುತ್ತಿತ್ತು.

2023ರ ಏಪ್ರಿಲ್. ಬೆಂಗಳೂರಿನ ಆಸ್ಪತ್ರೆ. ಮನೆಯಿಂದ ಯಾರಾದರೂ ಜೊತೆಗಿರಬೇಕಿತ್ತು. ಅಮ್ಮನಿಗೆ ಆಸ್ಪತ್ರೆಯ ವಾಸನೆಗೇ ತಲೆ ಸುತ್ತುತ್ತದೆ. ಅಪ್ಪ, ಅಣ್ಣ ಹೆಂಗಸರ ವಾರ್ಡಿನಲ್ಲಿ ರಾತ್ರಿ ಇರುವ ಹಾಗಿಲ್ಲ. ಅತ್ತಿಗೆ ಎರಡು ವರ್ಷದ ಮಗುವನ್ನು ಅಮ್ಮನ ಮಡಿಲಿಗೆ ಹಾಕಿ ರೈಲು ಹತ್ತಿ ಬಂದರು. ಕೈಯಲ್ಲಿ ಎರಡು ಚೀಲ. ಒಂದರಲ್ಲಿ ಬಟ್ಟೆ, ಇನ್ನೊಂದರಲ್ಲಿ ಹೆಮ್ಮಿಂಗ್ ಮಾಡದ ಬ್ಲೌಸುಗಳು. ಮದುವೆ ಸೀಸನ್ ಅಲ್ವಾ.

ಎರಡನೇ ರಾತ್ರಿ ನೋವಿಗಿಂತ ಕೆಟ್ಟದ್ದು ಫೋನಿನಲ್ಲಿ ಬಂತು. ನಾನು ಆಡುತ್ತಿದ್ದ ಒಂದು ಟೀಮಿನ ವಾಟ್ಸಾಪ್ ಗ್ರೂಪಿನಿಂದ ನನ್ನನ್ನು ತೆಗೆದಿದ್ದರು. ಒಂದು ಫೋನಿಲ್ಲ, ಒಂದು ಮಾತಿಲ್ಲ. ಯಾವ ಟೀಮು ಅಂತ ಬರೆಯುವುದಿಲ್ಲ, ಈಗ ಅದರಿಂದ ಆಗಬೇಕಾದ್ದೂ ಏನಿಲ್ಲ. ಆದರೆ ಆ ರಾತ್ರಿ ಆ ಬೂದು ಬಣ್ಣದ ಒಂದು ಸಾಲನ್ನು ಎಷ್ಟು ಸಲ ಓದಿದೆನೋ. ನೀರು ಕುಡಿಸಲು ಬಂದ ಅತ್ತಿಗೆಯ ಕೈ ತಳ್ಳಿದೆ. "ನಿಮಗೇನು ಗೊತ್ತು? ಬಾಲ್ ಹಿಡಿದಿದ್ದೀರಾ ಯಾವತ್ತಾದ್ರೂ? ಅಣ್ಣಂಗೆ ಹೇಳಿ, ಗಂಡು ನೋಡಲಿ, ಎಲ್ಲಾ ಮುಗೀತು" ಅಂತ ಕೂಗಿದೆ. ಪಕ್ಕದ ಬೆಡ್ಡಿನ ಅಜ್ಜಿ ಎದ್ದು ಕೂತರು. ಲೋಟದ ನೀರು ಹೊಲಿಯುತ್ತಿದ್ದ ಬ್ಲೌಸಿನ ಮೇಲೆ ಚೆಲ್ಲಿತ್ತು. ಬಾಳೆಕಾಯಿ ಬಣ್ಣದ ರೇಷ್ಮೆ. ನೀರಿನ ಕಲೆ ಹೋಗಲ್ಲ ಅಂತ ಆಗ ನನಗೆ ಗೊತ್ತಿರಲಿಲ್ಲ.

ಅತ್ತಿಗೆ ಬಯ್ಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಬ್ಲೌಸನ್ನು ಕಿಟಕಿ ಸರಳಿಗೆ ಹರವಿ ಬಂದು ಸ್ಟೂಲಿನ ಮೇಲೆ ಕೂತು, "ಗೊತ್ತಿಲ್ಲ ಕಣೆ. ಹೇಳ್ಕೊಡು" ಅಂದರು.

ನಾನು ಮುಖ ತಿರುಗಿಸಿದೆ. ಅವರು ಬಿಡಲಿಲ್ಲ. ಎಕ್ಸ್‌ರೇ ಕವರನ್ನು ಮಗುಚಿ ತೊಡೆ ಮೇಲಿಟ್ಟುಕೊಂಡು, ಚೀಲದಿಂದ ಟೈಲರ್ ಚಾಕ್ ತೆಗೆದು, "ಅಂಗಳ ಎಷ್ಟುದ್ದ?" ಅಂತ ಕೇಳಿದರು. ಸುಮ್ನೆ ಬಾಯಿ ಮುಚ್ಚಿಸೋಣ ಅಂತ ಹೇಳಿದೆ, ಇಪ್ಪತ್ತೆಂಟು ಮೀಟರ್ ಉದ್ದ, ಹದಿನೈದು ಅಗಲ. ಬುಟ್ಟಿ ಎಷ್ಟೆತ್ತರ? ಮೂರು ಮೀಟರ್ ಐದು ಸೆಂಟಿಮೀಟರ್. ಬುಟ್ಟಿಯ ಬಾಯಿ? ನಲವತ್ತೈದು ಸೆಂಟಿಮೀಟರ್. ಅವರು ಟೇಪು ಬಿಚ್ಚಿ ಗಾಳಿಯಲ್ಲೇ ಅಷ್ಟು ಅಳೆದು ನೋಡಿ, "ಹತ್ತತ್ರ ಎರಡು ಬಾಲ್ ಅಗಲ ಇದ್ದಂಗಾಯ್ತಲ್ಲ, ಇಷ್ಟಿದ್ದೂ ಬೀಳಲ್ಲ ಅಂತೀರಲ್ಲ!" ಅಂದರು. ನನಗೆ ನಗು ಬಂತು. ನಕ್ಕಿದ್ದಕ್ಕೆ ಕಾಲು ನೋಯಿತು. ನೋವಿಗೆ ಅಳು ಬಂತು.

ಹಾಗೇ ಬೆಳಗಾಯಿತು. ಇಪ್ಪತ್ನಾಲ್ಕು ಸೆಕೆಂಡಿನೊಳಗೆ ಎಸೆಯಬೇಕು ಅಂದರೆ "ಎಸೀದಿದ್ರೆ?" ಅನ್ನುವುದು, ಎಂಟು ಸೆಕೆಂಡಿನಲ್ಲಿ ಅರ್ಧ ಅಂಗಳ ದಾಟಬೇಕು ಅಂದರೆ "ನಿನ್ನ ಕೆಲಸ ಅದೇ ಆಗಿತ್ತಾ?" ಅನ್ನುವುದು. ಹೌದು, ಅದೇ ಆಗಿತ್ತು. ಬಾಲ್ ತಂದು ನುಗ್ಗುವವಳು ನಾನು. ಆ ಕಾಲು ಇನ್ನು ಹಾಗೆ ನುಗ್ಗುವುದಿಲ್ಲ ಅಂತ ಡಾಕ್ಟರು ಹೇಳಿಯಾಗಿತ್ತು. ಕೊನೆಗೆ ಮೂರು ಪಾಯಿಂಟಿನ ಗೆರೆಗೆ ಬಂದೆವು, ಅದರ ಹೊರಗಿಂದ ಹಾಕಿದರೆ ಎರಡರ ಬದಲು ಮೂರು ಪಾಯಿಂಟು. ಬುಟ್ಟಿಯಿಂದ ಆರು ಮುಕ್ಕಾಲು ಮೀಟರ್, ಕಮಾನಿನ ಹಾಗೆ ಬಂದು ಎರಡೂ ಬದಿಯಲ್ಲಿ ನೆಟ್ಟಗಾಗುತ್ತದೆ, ಅಲ್ಲಿ ಅಂಚಿಗೂ ಗೆರೆಗೂ ತೊಂಬತ್ತು ಸೆಂಟಿಮೀಟರ್ ಬಿಟ್ಟಿರುತ್ತಾರೆ ಅಂದೆ.

ಅತ್ತಿಗೆಯ ಚಾಕ್ ನಿಂತಿತು. ಬೆರಳು ಮಡಚಿ ಲೆಕ್ಕ ಹಾಕಿದರು. "ಹದಿನೈದರಲ್ಲಿ ಅರ್ಧ ಏಳೂವರೆ. ಅದ್ರಲ್ಲಿ ತೊಂಬತ್ತು ಕಳೆದ್ರೆ ಆರು ಅರವತ್ತು. ಮಿಕ್ಕ ಕಡೆ ಆರು ಎಪ್ಪತ್ತೈದು ಅಂದೆ. ಮೂಲೇಲಿ ಹದಿನೈದು ಸೆಂಟಿಮೀಟರ್ ಕಮ್ಮಿ ಅಲ್ವೇನೆ? ಆರಿಂಚು. ಒಂದು ಗಿಡ್ಡ ತೋಳು." ಟೇಪಿನಲ್ಲಿ ಆರಿಂಚು ಹಿಡಿದು ತೋರಿಸಿದರು. "ಓಡಕ್ಕಾಗ್ದಿದ್ರೆ ಆ ಮೂಲೇಲಿ ನಿಂತು ಎಸಿ. ಅಲ್ಲೂ ಮೂರೇ ತಾನೆ ಕೊಡೋದು?"

ಮೂಲೆ ಹತ್ತಿರ ಅನ್ನುವುದು ಆಟಗಾರರಿಗೆಲ್ಲ ಗೊತ್ತಿರುವುದೇ. ನನಗೂ ಗೊತ್ತಿತ್ತು. ಆದರೆ ಅದು ನನ್ನ ಜಾಗ ಆಗಬಹುದು ಅಂತ ಒಂದು ದಿನವೂ ಅನ್ನಿಸಿರಲಿಲ್ಲ. ಬಾಲ್ ಕೈಯಲ್ಲಿಟ್ಟುಕೊಂಡು ಆಟ ನಡೆಸುವವಳಿಗೆ ಮೂಲೆಯಲ್ಲಿ ನಿಂತು ಕಾಯುವುದು ಅಂದರೆ ಶಿಕ್ಷೆ ಇದ್ದ ಹಾಗೆ.

ನಡೆಯಲು ಬಂದ ಮೇಲೆ ಮೊದಲು ಹೋಗಿದ್ದು ಸ್ಕೂಲಿನ ಆ ಸಿಮೆಂಟ್ ಕೋರ್ಟಿಗೇ. ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು, ಕೂತೇ ಎಸೆದೆ. ಮೊದಮೊದಲು ರಿಂಗಿಗೂ ಮುಟ್ಟುತ್ತಿರಲಿಲ್ಲ. ಆಮೇಲೆ ನಿಂತು. ದಿನಕ್ಕೆ ಇನ್ನೂರು, ಆಮೇಲೆ ಮುನ್ನೂರು. ಸಂಜೆ ಅತ್ತಿಗೆ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದು ಬಾಲ್ ಹೆಕ್ಕಿ ಕೊಡುತ್ತಿದ್ದರು. ಕೊಡುವುದು ಅಂದರೆ ಪಾಸ್ ಅಲ್ಲ, ಕುಂಬಳಕಾಯಿ ತಂದು ಕೊಡುವ ಹಾಗೆ ಎರಡೂ ಕೈಯಲ್ಲಿ ಹಿಡಿದು ತಂದು ಕೊಡುವುದು. ರೈಲ್ವೆ ಟ್ರಯಲ್ಸ್‌ನಲ್ಲಿ ನಾನು ನಿಂತಿದ್ದು ಅದೇ ಮೂಲೆಯಲ್ಲಿ.

ಆ ಎಕ್ಸ್‌ರೇ ಕವರು ಈಗಲೂ ಇದೆ. ಚಾಕ್ ಗೆರೆ ಅರ್ಧ ಅಳಿಸಿಹೋಗಿದೆ. ಬಲಗಡೆ ಮೂಲೆಯಲ್ಲಿ ಹಾಕಿದ್ದ ಸುತ್ತು ಮಾತ್ರ ಕಾಣುತ್ತದೆ, ಯಾಕೆಂದರೆ ಅತ್ತಿಗೆ ಅದಕ್ಕೆ ಆಮೇಲೆ ಪೆನ್ನಿನಲ್ಲಿ ತಿದ್ದಿದ್ದಾರೆ. ಯಾವಾಗ ತಿದ್ದಿದರೋ ನನಗೆ ಹೇಳಿಲ್ಲ. ಕಪ್ಪುಗಳೆಲ್ಲ ಅಟ್ಟದಲ್ಲೇ ಇವೆ. ಅಲ್ಲೇ ಇರಲಿ, ಮಷೀನು ಇರುವ ಜಾಗ ಮಷೀನಿಗೇ ಸರಿ.

ಅತ್ತಿಗೆಗೆ ಬಾಯಿಬಿಟ್ಟು ಥ್ಯಾಂಕ್ಸ್ ಹೇಳಲು ಹೋದರೆ "ಹೋಗೇ, ಸಾರಿಗೆ ಒಗ್ಗರಣೆ ಹಾಕು" ಅನ್ನುತ್ತಾರೆ. ಅದಕ್ಕೆ ಅವರಿಗೆ ನಿಜವಾಗಿ ಉಪಯೋಗ ಆಗುವ ಒಂದು ಮಾತು ಬರೆಯುತ್ತೇನೆ. 2023ರ ಏಪ್ರಿಲ್, ಮೇನಲ್ಲಿ ಹಾಸನದಲ್ಲಿ ಅವರ ಹತ್ತಿರ ಬ್ಲೌಸು ಕೊಟ್ಟು, ಮದುವೆ ದಿನಕ್ಕೆ ಸಿಗದೆ, ಕೋಪ ಮಾಡಿಕೊಂಡು ಬೇರೆ ಕಡೆ ಹೋದವರು ಐದಾರು ಜನ ಇದ್ದೀರಿ. ನಿಮ್ಮಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ತಡ ಆಗಿದ್ದು ನನ್ನಿಂದ. ಬಾಳೆಕಾಯಿ ಬಣ್ಣದ ರೇಷ್ಮೆ ಕೊಟ್ಟಿದ್ದವರೇ, ಆ ಕಲೆಯೂ ನನ್ನದೇ. ಮೊದಲ ಸಂಬಳದಲ್ಲಿ ಅದೇ ಬಣ್ಣದ ಬಟ್ಟೆ ತೆಗೆದುಕೊಡುತ್ತೇನೆ. ಅಳತೆ ಬ್ಲೌಸು ತನ್ನಿ, ಹೊಲಿಯುವುದು ಅತ್ತಿಗೆಯೇ.