ಟೂರಿಗೆ ಹೊರಡೋ ಮುಂಚೆ ಇದನ್ನ ಓದ್ಕೋ ಪುಟ್ಟಿ

ಪ್ರೀತಿಯ ಪುಟ್ಟಿಗೆ ತುಮಕೂರಿಂದ ನಿನ್ನ ಅತ್ತೆ ಮಾಡುವ ಆಶೀರ್ವಾದಗಳು.

ಮೊನ್ನೆ ನಿಮ್ಮಪ್ಪ ಫೋನ್ ಮಾಡಿದ್ದ, ವಸಂತನರಸಾಪುರದ ಫ್ಯಾಕ್ಟರೀಲಿ ನಿನ್ನ ವೆಂಡರ್ ಆಡಿಟ್ ಟೀಮಿಗೆ, ಅಂದ್ರೆ ಕಂಪನಿಗೆ ಮಾಲು ಕೊಡೋರ ಫ್ಯಾಕ್ಟರಿಗೆ ಹೋಗಿ ತಪಾಸಣೆ ಮಾಡೋ ಟೀಮಿಗೆ ಹಾಕಿದಾರಂತೆ, ಇನ್ಮೇಲೆ ಪುಣೆ, ಫರೀದಾಬಾದ್, ಜಮ್‌ಶೆಡ್‌ಪುರ ಅಂತ ಅರ್ಧ ತಿಂಗಳು ಓಡಾಟವೇ ಅಂತೆ. ಕೇಳಿ ಬಹಳ ಖುಷಿ ಆಯ್ತು ಕಣೇ. ನಮ್ಮ ಮನೇಲಿ ಹೆಣ್ಮಕ್ಕಳು ಕೆಲಸದ ಮೇಲೆ ಊರೂರು ಸುತ್ತಿದ್ದು ಅಂದ್ರೆ ನಾನಾದ್ಮೇಲೆ ನೀನೇ. ಬ್ಯಾಂಕ್ ಇನ್‌ಸ್ಪೆಕ್ಷನ್ ಅಂತ ಬ್ರಾಂಚಿಂದ ಬ್ರಾಂಚಿಗೆ ಸೂಟ್‌ಕೇಸ್ ಹಿಡ್ಕೊಂಡು ವರ್ಷಗಟ್ಟಲೆ ತಿರುಗಿದೋಳು ನಾನು, ಅದಕ್ಕೆ ಈ ವಿಷಯದಲ್ಲಿ ನಿಂಗೆ ನಾಲ್ಕು ಮಾತು ಹೇಳೋ ಹಕ್ಕು ನಂಗಿದೆ ಅಂತ ತಿಳ್ಕೊಂಡೇ ಬರೀತಿದೀನಿ. ಫೋನಲ್ಲಿ ಹೇಳಿದ್ರೆ ನೀನು "ಹೂಂ ಅತ್ತೆ, ಆಯ್ತತ್ತೆ" ಅಂತೀಯ, ಬರೆದಿದ್ರೆ ಬ್ಯಾಗ್ ತುಂಬೋವಾಗ ತೆಗೆದು ನೋಡ್ತೀಯ.

ಮೊದಲು ಹೇಳ್ಬೇಕಾಗಿರೋದು ಇದು. ಟೂರಲ್ಲಿದ್ದಾಗ ಊಟ ತಿಂಡಿ ನಿದ್ದೆ ಹೆಂಗಾದ್ರೂ ಆಗ್ಲಿ, ಮನೆಗೆ ಬಂದ್ಮೇಲೆ ಸರಿ ಮಾಡ್ಕೊಂಡ್ರಾಯ್ತು ಅಂತ ಎಲ್ಲರೂ ಅಂದ್ಕೊಳ್ತಾರೆ, ವರ್ಷಕ್ಕೊಂದ್ಸಲ ತಿರುಪತಿಗೆ ಹೋಗಿ ಬರೋರಿಗೆ ಆ ಲೆಕ್ಕ ಸರಿ. ಅರ್ಧ ತಿಂಗಳು ಹೊರಗಿರೋಳಿಗೆ ಆ ದಿನಗಳೇ ಜೀವನ ಅಲ್ವೇನೇ? ಆವತ್ತು ನೀರು ಕುಡೀಲಿಲ್ಲ, ಮಾತ್ರೆ ಮರೆತೆ, ನಿದ್ದೆಗೆಟ್ಟೆ ಅಂದ್ರೆ ಅರ್ಧ ಆಯಸ್ಸು ಹಂಗೇ ಕಳೆದಂಗೆ. ಅದಕ್ಕೆ ಮನೇಲಿ ಏನು ನಡ್ಕೊಂಡು ಬಂದಿದೆಯೋ ಅದನ್ನ ಆದಷ್ಟು ಜೊತೇಲೇ ಹೊತ್ಕೊಂಡು ಹೋಗೋ ಥರ ಬ್ಯಾಗ್ ತುಂಬ್ಕೋ. ಇದು ತಲೇಲಿದ್ರೆ ಏನಿಡ್ಬೇಕು ಏನ್ ಬಿಡ್ಬೇಕು ಅಂತ ತಾನಾಗೇ ಗೊತ್ತಾಗುತ್ತೆ.

ನಿನ್ನ ಥೈರಾಯ್ಡ್ ಮಾತ್ರೆಯಿಂದಾನೇ ಶುರು ಮಾಡ್ತೀನಿ. ಅದು ಹೆಗಲಿಗೆ ಹಾಕ್ಕೊಳ್ಳೋ ಬ್ಯಾಗಲ್ಲೇ ಇರ್ಬೇಕು, ಯಾವತ್ತೂ ಚೆಕ್-ಇನ್ ಬ್ಯಾಗಿಗೆ ಹಾಕ್ಬೇಡ, ಆ ಬ್ಯಾಗು ಇನ್ನೊಂದೂರಿಗೆ ಹೋದ್ರೆ ಮಾತ್ರೆನೂ ಹೋಯ್ತು. ಡಬ್ಬಿಗೆ ಸುರ್ಕೊಂಡು ಹೋಗೋದು ಬೇಡ, ಶೀಟಲ್ಲೇ ಇರ್ಲಿ, ಹೆಸರು, ಎಕ್ಸ್‌ಪೈರಿ ಎಲ್ಲ ಕಾಣುತ್ತೆ, ಎಲ್ಲಾದ್ರೂ ಮೆಡಿಕಲ್ ಸ್ಟೋರಲ್ಲಿ ತೋರಿಸೋಕೂ ಸುಲಭ. ಎಷ್ಟು ದಿನದ ಟೂರೋ ಅದಕ್ಕಿಂತ ನಾಲ್ಕೈದು ದಿನದ್ದು ಜಾಸ್ತಿ ಇಟ್ಕೋ, ಡಾಕ್ಟರ್ ಚೀಟಿ ಫೋಟೋ ಫೋನಲ್ಲಿರ್ಲಿ. ಬೆಳಗ್ಗೆ ಖಾಲಿ ಹೊಟ್ಟೇಲಿ ಬರೀ ನೀರಲ್ಲಿ ತಗೊಂಡು ಕಾಫಿಗೆ ಕಡಿಮೆ ಅಂದ್ರೂ ಅರ್ಧ ಗಂಟೆ ಬಿಡ್ಬೇಕು ಅಂತ ನಿಂಗೆ ಗೊತ್ತಿದೆ, ಆದ್ರೆ ಹೋಟೆಲಲ್ಲಿ ಏನಾಗುತ್ತೆ ಅಂದ್ರೆ ಕಂಪನಿ ಕಾರು ಏಳೂವರೆಗೆ ಬಂದು ನಿಂತಿರುತ್ತೆ, ಓಡಿ ಹೋಗಿ ಕಾಫಿ ಕುಡಿದುಬಿಡ್ತೀವಿ, ಮಾತ್ರೆ ಸಂಜೆ ನೆನಪಾಗುತ್ತೆ. ರಾತ್ರಿ ಮಲಗೋವಾಗ್ಲೇ ದಿಂಬಿನ ಪಕ್ಕ ಒಂದು ಲೋಟ ನೀರು, ಮಾತ್ರೆ ಇಟ್ಕೊಂಡು ಮಲಗು, ಅಲಾರಂ ಆಫ್ ಮಾಡಿದ ಕೈಯಲ್ಲೇ ನುಂಗಿಬಿಡು. ಕ್ಯಾಲ್ಸಿಯಂ, ಐರನ್ ಮಾತ್ರೆ ಇದ್ರೆ ಅದಕ್ಕೂ ಇದಕ್ಕೂ ನಾಲ್ಕು ಗಂಟೆ ಅಂತರ ಇರ್ಲಿ, ಅದನ್ನ ರಾತ್ರಿ ಊಟಕ್ಕೆ ಮಾಡ್ಕೋ.

ಈಗ ಹೇಳೋದು ಯಾವ ಆಫೀಸಲ್ಲೂ ಯಾರೂ ಹೇಳಿಕೊಡಲ್ಲ. ಹೊರಗೆ ಕೆಲಸಕ್ಕೆ ಹೋಗೋ ಹೆಣ್ಮಕ್ಕಳು ನೀರು ಕುಡಿಯಲ್ಲ ಕಣೇ. ಟಾಯ್ಲೆಟ್ ಎಲ್ಲಿರುತ್ತೋ ಹೆಂಗಿರುತ್ತೋ ಅಂತ ಹೆದರಿ ಬೆಳಗ್ಗೆ ಅರ್ಧ ಲೋಟ ಕುಡಿದು ಹೊರಟ್ರೆ ಮತ್ತೆ ರಾತ್ರಿ ರೂಮಿಗೆ ಬಂದ್ಮೇಲೇನೇ. ನನ್ ಜೊತೆ ಇನ್‌ಸ್ಪೆಕ್ಷನ್‌ಗೆ ಬರ್ತಿದ್ದ ಒಬ್ರು ಹಂಗೇ ಮಾಡ್ತಿದ್ರು, ಉರಿಮೂತ್ರ ಶುರುವಾದ್ರೂ ಕೆಲಸ ಮುಗೀಲಿ ಅಂತ ಎರಡು ದಿನ ತಳ್ಳಿದ್ರು, ಮೂರನೇ ದಿನ ಚಳಿ ಜ್ವರ, ಬೆನ್ನು ಸೊಂಟದ ಪಕ್ಕ ಹಿಡ್ಕೊಂಡು ಕೂತ್ಬಿಟ್ರು, ಇನ್ಫೆಕ್ಷನ್ನು ಕಿಡ್ನಿಗೆ ಏರಿತ್ತು. ಅಡ್ಮಿಟ್ ಮಾಡಿ ಡ್ರಿಪ್ ಹಾಕಿಸ್ಬೇಕಾಯ್ತು, ಗೊತ್ತಿಲ್ಲದ ಊರಲ್ಲಿ. ಅದನ್ನ ಕಣ್ಣಾರೆ ನೋಡಿದೀನಿ, ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು. ನೀರು ಕಡಿಮೆ ಆಗಿ, ಮೂತ್ರ ತಡ್ಕೊಂಡು ಕೂತಷ್ಟೂ ಬ್ಯಾಕ್ಟೀರಿಯಾ ಒಳಗೇ ಬೆಳೆಯೋಕೆ ನಾವೇ ಟೈಮ್ ಕೊಟ್ಟಂಗೆ.

ಅದಕ್ಕೆ ಯಾವ ಫ್ಯಾಕ್ಟರಿಗೆ ಹೋದ್ರೂ ಗೇಟಲ್ಲಿ ಪಾಸ್ ಮಾಡಿಸಿ ಒಳಗೆ ಹೋದ ತಕ್ಷಣ, ಮೀಟಿಂಗ್ ಶುರುವಾಗೋ ಮುಂಚೆ, ಲೇಡೀಸ್ ಟಾಯ್ಲೆಟ್ ಎಲ್ಲಿದೆ ಅಂತ ಕೇಳ್ಬಿಡು. ಏನೂ ಸಂಕೋಚ ಬೇಡ. ಹೆಂಗಸರಿಗೆ ಬೇರೆ ಶೌಚಾಲಯ ಇರ್ಲೇಬೇಕು ಅಂತ 1948ರ ಕಾರ್ಖಾನೆ ಕಾಯ್ದೆ ಕಾಲದಿಂದ್ಲೂ ಕಾನೂನೇ ಇದೆ, ನೀನು ಆಡಿಟ್‌ಗೆ ಹೋಗಿರೋಳು, ನೀನೇ ಕೇಳದಿದ್ರೆ ಅಲ್ಲಿ ಲೈನಲ್ಲಿ ಕೆಲಸ ಮಾಡೋ ಹೆಣ್ಮಗು ಯಾರನ್ನ ಕೇಳ್ಬೇಕು ಹೇಳು. ಬ್ಯಾಗಲ್ಲಿ ಟಿಶ್ಯೂ, ಪೇಪರ್ ಸೋಪು, ಒಂದು ಸಣ್ಣ ಖಾಲಿ ಬಾಟ್ಲಿ ಇಟ್ಕೋ, ನೀರಿಲ್ಲದ ಕಡೆ ಆ ಬಾಟ್ಲಿ ಕೈ ಹಿಡಿಯುತ್ತೆ. ಪ್ಯಾಡು ಡೇಟ್ ಇರ್ಲಿ ಬಿಡ್ಲಿ ನಾಲ್ಕು ಬ್ಯಾಗಲ್ಲೇ ಇರ್ಲಿ, ಓಡಾಟದಲ್ಲಿ ಡೇಟ್ ಹಿಂದೆ ಮುಂದೆ ಆಗೋದು ಇದ್ದಿದ್ದೇ. ಉರಿ ಶುರುವಾಯ್ತು ಅಂದ್ರೆ ಆವತ್ತೇ ಡಾಕ್ಟರ್ ಹತ್ರ ಹೋಗು, ಮೆಡಿಕಲ್ ಸ್ಟೋರಿನೋನು ಕೊಟ್ಟ ಎರಡು ಆಂಟಿಬಯಾಟಿಕ್ ನುಂಗಿ ಸುಮ್ನಾಗ್ಬೇಡ.

ನೀರಿನ ವಿಷಯ ಬಂತಲ್ಲ, ನಮ್ ಜಿಲ್ಲೇಲಿ ಪಾವಗಡ ಕಡೆ ಫ್ಲೋರೈಡ್ ನೀರು ಕುಡಿದು ಹಲ್ಲು ಮೂಳೆ ಹಾಳು ಮಾಡ್ಕೊಂಡೋರನ್ನ ನೋಡಿ ಬೆಳೆದೋರು ನಾವು, ನೀರು ಅಂದ್ರೆ ಹುಷಾರಾಗಿರೋದು ನಮ್ಗೆ ಹೊಸದಲ್ಲ. ಫ್ಲೋರೈಡ್ ಕುದಿಸಿದ್ರೂ ಹೋಗಲ್ಲ, ಆದ್ರೆ ಟೂರಲ್ಲಿ ಹೊಟ್ಟೆ ಕೆಡಿಸೋ ಕ್ರಿಮಿಗಳು ಮಳ್ಳುವ ನೀರಲ್ಲಿ ಒಂದು ನಿಮಿಷಕ್ಕೆ ಸಾಯ್ತಾವೆ. ಹೋಟೆಲ್ ರೂಮಲ್ಲಿ ಕೆಟಲ್ ಇರುತ್ತಲ್ಲ, ಮೊದಲ್ನೇ ಸಲ ಕುದಿಸಿದ ನೀರು ಚೆಲ್ಲಿ ಎರಡನೇ ಸಲದ್ದನ್ನ ಸ್ಟೀಲ್ ಬಾಟ್ಲಿಗೆ ತುಂಬಿಟ್ಕೋ, ಬೆಳಗ್ಗೆಗೆ ಆರಿರುತ್ತೆ. ಹೊರಗೆ ಹೆಚ್ಚಿಟ್ಟ ಹಣ್ಣು, ಹಸಿ ಸಲಾಡ್, ಐಸ್ ಹಾಕಿದ ಜ್ಯೂಸು ಬೇಡ. ಬಿಸಿ ಬಿಸಿಯಾಗಿ ಏನ್ ಸಿಕ್ರೂ ತಿನ್ನು.

ಇಷ್ಟಾದ್ರೂ ಒಂದೊಂದ್ಸಲ ಹೊಟ್ಟೆ ಕೆಡುತ್ತೆ. ಅದಕ್ಕೆ ಓಆರ್‌ಎಸ್ ಪುಡಿ ನಾಲ್ಕು ಪ್ಯಾಕೆಟ್ ಇಟ್ಕೋ. ದೊಡ್ಡ ಪ್ಯಾಕೆಟ್ಟಿಗೆ ಒಂದು ಲೀಟರ್ ನೀರು, ಪೂರ್ತಿ ಒಟ್ಟಿಗೇ ಕರಗಿಸ್ಬೇಕು, ಲೋಟಕ್ಕೆ ಸ್ವಲ್ಪ ಸ್ವಲ್ಪ ಉದುರಿಸ್ಕೊಂಡು ಕುಡಿದ್ರೆ ಉಪ್ಪು ಸಕ್ಕರೆ ಅಳತೆ ತಪ್ಪುತ್ತೆ, ಕರಗಿಸಿದ್ದು 24 ಗಂಟೆ ದಾಟಿದ್ರೆ ಚೆಲ್ಲಿಬಿಡು. ಪುಡಿ ಸಿಗಲಿಲ್ಲ ಅಂದ್ರೆ ಒಂದು ಲೀಟರ್ ಶುದ್ಧ ನೀರಿಗೆ ಸಮ ಮಟ್ಟದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಇದನ್ನ ಸಣ್ಣ ವಿಷಯ ಅಂದ್ಕೋಬೇಡ, 1971ರಲ್ಲಿ ಬಾಂಗ್ಲಾ ಯುದ್ಧದ ಟೈಮಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಕ್ಯಾಂಪಲ್ಲಿ ಕಾಲರಾ ಬಂದು ಡ್ರಿಪ್ ಬಾಟ್ಲಿ ಮುಗಿದು ಹೋದಾಗ ಡಾಕ್ಟರ್ ದಿಲೀಪ್ ಮಹಲನಬೀಸ್ ಇಂಥದ್ದೇ ಉಪ್ಪು ಸಕ್ಕರೆ ನೀರು ಕುಡಿಸಿ ಎಷ್ಟೋ ಜನರ ಪ್ರಾಣ ಉಳಿಸಿದ್ರು. ಅಂಗಡೀಲಿ ಜ್ಯೂಸ್ ಪ್ಯಾಕೆಟ್ ಥರದ್ದು ಓಆರ್‌ಎಸ್ ಅಂತ ಕೊಟ್ರೆ ತಗೋಬೇಡ, ಅವುಗಳಲ್ಲಿ ಸಕ್ಕರೆ ಜಾಸ್ತಿ, ಆ ಹೆಸರು ಹಾಕ್ಕೊಂಡು ಮಾರ್ಬಾರ್ದು ಅಂತ 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತೆ ನೋಡೋ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐ ಆದೇಶನೇ ಆಗಿದೆ. ಭೇದಿ ಜೊತೆ ರಕ್ತ ಹೋದ್ರೆ, ಜ್ವರ ಬಂದ್ರೆ ಡಾಕ್ಟರ್ ಬೇಕೇ ಬೇಕು. ಟ್ರೈನಲ್ಲಿದ್ರೆ 139ಕ್ಕೆ ಫೋನ್ ಮಾಡು, ಮುಂದಿನ ಸ್ಟೇಷನ್ನಲ್ಲಿ ಡಾಕ್ಟರ್‌ಗೆ ವ್ಯವಸ್ಥೆ ಮಾಡ್ತಾರೆ.

ಊಟಕ್ಕೆ ನಾನು ಹುರಿಹಿಟ್ಟು ಮಾಡಿಕೊಡ್ತೀನಿ. ನೀನು ನಗ್ಬೇಡ, ಇದಕ್ಕಿಂತ ಒಳ್ಳೆ ದಾರಿ ಬುತ್ತಿ ನಮ್ ಕಡೆ ಇಲ್ಲ. ರಾಗಿ ನೆನೆಸಿ, ಬಸಿದು, ಒಂದು ರಾತ್ರಿ ಬಟ್ಟೇಲಿಟ್ಟು, ಕಾದ ಬಾಂಡ್ಲೀಲಿ ಒಂದೊಂದೇ ಹಿಡಿ ಹಾಕಿ ಹುರೀಬೇಕು, ಪಟಪಟ ಅಂತ ಬೆಳ್ಳಗೆ ಅರಳುತ್ತೆ, ಮನೆ ತುಂಬ ವಾಸನೆ. ಅದನ್ನ ಮಿಲ್ಲಲ್ಲಿ ಬೀಸಿಸಿ ಏಲಕ್ಕಿ ಹಾಕಿಟ್ರೆ ಟೂರ್ ಪೂರ್ತಿ ಕೆಡಲ್ಲ. ರಾತ್ರಿ ಲೇಟಾಗಿ ರೂಮಿಗೆ ಬಂದಾಗ ಬಿಸಿ ಹಾಲು ತರಿಸ್ಕೊಂಡು ಬೆಲ್ಲ ಹಾಕಿ ಕಲಸ್ಕೋ, ಇಲ್ಲ ಮಜ್ಜಿಗೆ ಉಪ್ಪು ಸಾಕು, ಬೇಯಿಸೋ ಕೆಲಸ ಇಲ್ಲ. ವೆಂಡರ್ ಕಡೆಯೋರು ಹತ್ತು ಗಂಟೆಗೆ ಊಟಕ್ಕೆ ಕರೆದು ಬೆಣ್ಣೆ ಪನೀರ್ ಬಡಿಸ್ತಾರೆ, ಒಂದಿನ ಹೋಗು, ಎರಡನೇ ದಿನ "ಬೇಗ ಮಲಗ್ತೀನಿ" ಅಂತ ನೇರವಾಗಿ ಹೇಳು, ಯಾರೂ ಬೇಜಾರು ಮಾಡ್ಕೊಳಲ್ಲ. ಹಂಗೆ ನೋಡಿದ್ರೆ ಆಡಿಟ್‌ಗೆ ಹೋದೋಳು ಅವರ ಊಟದ ಋಣ ಜಾಸ್ತಿ ಇಟ್ಕೊಳ್ದೆ ಇರೋದೇ ಒಳ್ಳೇದು.

ಆದ್ರೆ ತಿಪಟೂರಿಂದ ಚಿಕ್ಕಜ್ಜಿ ಕಳಿಸಿರೋ ಕೊಬ್ಬರಿ ಗಿಟುಕನ್ನ ಮಾತ್ರ ವಿಮಾನಕ್ಕೆ ತಗೊಂಡು ಹೋಗ್ಬೇಡ. ಒಣ ಕೊಬ್ಬರೀಲಿ ಎಣ್ಣೆ ಜಾಸ್ತಿ, ತಾನಾಗೇ ಬಿಸಿಯಾಗಿ ಹೊತ್ಕೊಳ್ಳೋ ಪದಾರ್ಥಗಳ ಪಟ್ಟೀಲಿ ಅದೂ ಇದೆ, ಚೆಕ್-ಇನ್ ಬ್ಯಾಗಲ್ಲಿ ಸಿಕ್ರೆ ತೆಗೆಸ್ತಾರೆ. ಎಣ್ಣೆ ಉಪ್ಪಿನಕಾಯಿ ಕೈ ಬ್ಯಾಗಲ್ಲಿ ಬಿಡಲ್ಲ, ಚಟ್ನಿಪುಡಿ ತಗೊಂಡು ಹೋಗು. ಪವರ್ ಬ್ಯಾಂಕ್ ಉಲ್ಟಾ, ಅದು ಕೈ ಬ್ಯಾಗಲ್ಲೇ ಇರ್ಬೇಕು, ಚೆಕ್-ಇನ್‌ಗೆ ಹಾಕಂಗಿಲ್ಲ. ಕೈ ಬ್ಯಾಗು ಸಾಮಾನ್ಯವಾಗಿ 7 ಕೆ.ಜಿ. ಒಳಗೆ, ಮನೇಲೇ ತೂಕ ನೋಡ್ಕೋ.

ಬಟ್ಟೆ ಬಗ್ಗೆ ಜಾಸ್ತಿ ಹೇಳಲ್ಲ. ಮೂರು ಕುರ್ತಾ ಎರಡು ಪ್ಯಾಂಟು ಒಂದಕ್ಕೊಂದು ಹೊಂದೋ ಬಣ್ಣದ್ದು ಸಾಕು, ಸುರುಳಿ ಸುತ್ತಿಡು. ಒಳಬಟ್ಟೆ ರಾತ್ರಿ ಒಗೆದು ಹಿಂಡಿ, ಒಣ ಟವೆಲ್ ಹಾಸಿ ಅದರ ಮೇಲೆ ಹರಡಿ, ಟವೆಲ್ ಸಮೇತ ಸುತ್ತಿ ಇಬ್ಬದಿ ಹಿಡಿದು ಗಟ್ಟಿಯಾಗಿ ತಿರುಚು, ನೀರೆಲ್ಲ ಟವೆಲ್ ಕುಡಿಯುತ್ತೆ, ಹ್ಯಾಂಗರಿಗೆ ಹಾಕಿದ್ರೆ ಬೆಳಗ್ಗೆಗೆ ಒಣಗಿರುತ್ತೆ. ಸೇಫ್ಟಿ ಶೂ ಅವರೇ ಕೊಡ್ತಾರಾ ಅಂತ ಮುಂಚೇನೇ ಮೇಲ್ ಹಾಕಿ ಕೇಳು, ಕೊಡಲ್ಲ ಅಂದ್ರೆ ನಿಂದೇ ತಗೊಂಡು ಹೋಗಿ ಅದರೊಳಗೆ ಸಾಕ್ಸ್, ಚಾರ್ಜರ್ ತುರುಕು. ಜನವರೀಲಿ ಫರೀದಾಬಾದ್ ಅಂದ್ರೆ ನಮ್ ತುಮಕೂರು ಚಳಿ ಥರ ಅಲ್ಲ, ದಪ್ಪ ಸ್ವೆಟರ್ ಒಂದಕ್ಕಿಂತ ಒಳಗೆ ತೆಳು ಥರ್ಮಲ್, ಮೇಲೊಂದು ಜಾಕೆಟ್ ಬೆಚ್ಚಗಿರುತ್ತೆ, ಆ ತಿಂಗಳು ಅಲ್ಲಿ ಗಾಳಿ ಬಹಳ ಕೆಟ್ಟದು, ಎನ್95 ಮಾಸ್ಕ್ ಹಾಕ್ಕೊಂಡೇ ಓಡಾಡು.

ಬೆಳಗಿನ ಜಾವದ ಫ್ಲೈಟ್ ಬುಕ್ ಮಾಡೋಕೆ ಆಫೀಸಿನೋರು ಇಷ್ಟಪಡ್ತಾರೆ, ಒಂದು ದಿನದ ಹೋಟೆಲ್ ಖರ್ಚು ಉಳಿಯುತ್ತೆ ಅಂತ. ಆರು ಗಂಟೆ ಫ್ಲೈಟಿಗೆ ನೀನು ಮಧ್ಯರಾತ್ರಿ ಎರಡಕ್ಕೆ ತುಮಕೂರು ಬಿಟ್ಟು ದಾಬಸ್‌ಪೇಟೆ, ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿಗೆ ಹೋಗ್ಬೇಕು, ಅಂದ್ರೆ ನಿದ್ದೆನೇ ಇಲ್ಲ, ಡ್ರೈವರ್‌ಗೂ ಇಲ್ಲ. ಆದಷ್ಟು ಹಿಂದಿನ ದಿನ ಸಂಜೆ ಫ್ಲೈಟ್ ಕೇಳು, ನಿದ್ದೆಗೆಟ್ಟು ಆಡಿಟ್ ಮಾಡಿದ್ರೆ ಕಣ್ಣಿಗೆ ತಪ್ಪು ಬೀಳಲ್ಲ ಅಂತಾನೇ ಹೇಳು, ಅದು ನಿಜಾನೇ. ರಾತ್ರಿ ಹೋಗ್ಲೇಬೇಕಾದ್ರೆ ಹಿಂದಿನ ಸೀಟಲ್ಲೂ ಬೆಲ್ಟ್ ಹಾಕ್ಕೋ. 2022ರಲ್ಲಿ ಟಾಟಾ ಸನ್ಸ್ ಮುಖ್ಯಸ್ಥರಾಗಿದ್ದ ಸೈರಸ್ ಮಿಸ್ತ್ರಿಯವರು ಅಷ್ಟು ಒಳ್ಳೆ ಕಾರಲ್ಲಿ ಹಿಂದೆ ಕೂತಿದ್ದೋರು ಅಪಘಾತದಲ್ಲಿ ಬೆಲ್ಟ್ ಇಲ್ದೆ ತೀರಿಹೋದ್ರು. ಡ್ರೈವರ್ ಆಕಳಿಸ್ತಿದಾನೆ ಅನ್ಸಿದ್ರೆ ಗಾಡಿ ನಿಲ್ಲಿಸಿ ಟೀ ಕುಡಿಸು, ಫ್ಲೈಟ್ ತಪ್ಪಿದ್ರೂ ಪರ್ವಾಗಿಲ್ಲ.

ನೆಗಡಿ ಇದ್ದಾಗ ವಿಮಾನ ಇಳಿಯೋವಾಗ ಕಿವಿ ಸಿಡಿಯುತ್ತೆ, ಎಚ್ಚರವಾಗಿದ್ದು ಎಂಜಲು ನುಂಗ್ತಾ ಇರು, ಒಂದು ಪೆಪ್ಪರ್‌ಮಿಂಟ್ ಬಾಯಲ್ಲಿರ್ಲಿ. ಜಮ್‌ಶೆಡ್‌ಪುರಕ್ಕೆ ಟ್ರೈನಲ್ಲಿ ಹೋದ್ರೆ ಸೀಟಲ್ಲೇ ಅಂಟ್ಕೊಂಡು ಕೂರ್ಬೇಡ, ಗಂಟೆಗೊಂದ್ಸಲ ಬೋಗಿ ಆ ತುದಿಯಿಂದ ಈ ತುದಿಗೆ ನಡಿ, ನಾಲ್ಕು ಗಂಟೆ ಮೀರಿ ಕಾಲು ಇಳಿಬಿಟ್ಟು ಕೂತ್ರೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟೋ ಸಂಭವ ಜಾಸ್ತಿ ಆಗುತ್ತೆ. ಒಂದೇ ಕಾಲು ಊದ್ಕೊಂಡು ಮೀನಖಂಡ ನೋವು ಬಂದ್ರೆ ಸುಸ್ತಿಗೆ ಅಂತ ಬಿಡ್ಬೇಡ, ತೋರಿಸು.

ನಿಮ್ಮಮ್ಮಂಗೆ ರಾತ್ರಿ ರೂಮು ಸೇರಿದ ತಕ್ಷಣ ಒಂದು ಮೆಸೇಜ್ ಹಾಕು, ಅವಳು ನಿಂಗೆ ಹೇಳಲ್ಲ, ಆದ್ರೆ ಫೋನ್ ಕೈಯಲ್ಲೇ ಹಿಡ್ಕೊಂಡು ಕೂತಿರ್ತಾಳೆ.

ನಿನ್ನ ಮೊದಲ್ನೇ ಟೂರು ಯಾವ ವಾರ ಅಂತ ತಿಳಿಸು, ಅದಕ್ಕೆ ಮೂರು ದಿನ ಮುಂಚೆ ರಾಗಿ ನೆನೆಹಾಕ್ತೀನಿ. ಅಷ್ಟರಲ್ಲಿ ಥೈರಾಯ್ಡ್ ಬ್ಲಡ್ ಟೆಸ್ಟ್ ಒಂದು ಮಾಡಿಸಿ ಡಾಕ್ಟರ್‌ಗೆ ತೋರಿಸಿರು, ಡೋಸ್ ಬದಲಾಯಿಸೋದಿದ್ರೆ ಊರಲ್ಲಿದ್ದಾಗ್ಲೇ ಆಗ್ಲಿ.

ಇಂತಿ,
ನಿನ್ನ ಅತ್ತೆ